‘ನಮ್ಮ ಹುಡುಗ ಏನ್ ತೀರಸ್ತಾನ್ರಿ?’

(ಕುಟುಂಬದ ಒಪ್ಪಿಗೆ ಪಡೆದು ಬರೆದದ್ದು. ಹೆಸರುಗಳನ್ನೂ ಗುರುತು ಹತ್ತುವ ವಿವರಗಳನ್ನೂ ಬದಲಿಸಿದ್ದೇನೆ.)

ಗಂಗವ್ವ ಸಲಹೆ ಕೇಳಲು ನನ್ನ ಹತ್ತಿರ ಮೊದಲ ಸಲ ಬಂದಾಗ ಆರು ವರ್ಷದ ಮಗ ಸಂಗು ಅವರ ಸೊಂಟದ ಮೇಲಿದ್ದ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಸೆರೆಬ್ರಲ್ ಪಾಲ್ಸಿ ಆದ ಮಗು. ಕೈಚೀಲದಿಂದ ಕಾಲಿನ ಸ್ಪ್ಲಿಂಟ್ (ಪಾದವನ್ನು ನೆಟ್ಟಗೆ ಹಿಡಿದಿಡುವ ಗಟ್ಟಿ ಅಚ್ಚು) ತೆಗೆದು ನನ್ನೆದುರೇ ತೊಡಿಸಲು ಹೋದರು. ಹಿಮ್ಮಡಿ ಒಳಗೆ ಕೂರಲೇ ಇಲ್ಲ. ಒತ್ತಿದರೆ ಹುಡುಗ ಚೀರುತ್ತಿದ್ದ.

“ಮೂರು ತಿಂಗಳಾತ್ರಿ ಸೆಂಟರಿಗೆ ಕಳಿಸೂದ ಬಿಟ್ಟು. ಇವರಪ್ಪ ಬ್ಯಾಡ ಅಂದಾರ.”

ಬೆಳಗಾವಿ ಜಿಲ್ಲೆಯ ಸಣ್ಣ ಊರು. ಇಂಥ ಮಕ್ಕಳ ತಂದೆತಾಯಿಯರೇ ಕೂಡಿ ನಡೆಸುವ ಸೆಂಟರ್ ಒಂದಿದೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಪೈಸೆ ತೆಗೆದುಕೊಳ್ಳುವುದಿಲ್ಲ. ಥೆರಪಿಸ್ಟರ ಸಂಬಳ ಒಂದು ದತ್ತಿಯಿಂದ ಬರುತ್ತದೆ: ಒಂದು ಮನೆತನದವರು ತೀರಿಕೊಂಡ ಹಿರಿಯರ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ. ಈ ಕೆಲಸದಲ್ಲಿ ನಾನು ಕಂಡಂತೆ ಗಾಲಿಕುರ್ಚಿ ಕೊಡುವವರು ಬೇಕಾದಷ್ಟು ಜನ, ತಿಂಗಳ ಸಂಬಳಕ್ಕೆ ಹಣ ಕೊಡುವವರು ವಿರಳ. ಕುರ್ಚಿಯ ಮೇಲೆ ಹೆಸರು ಬರೆಸಬಹುದು, ಸಂಬಳದ ಮೇಲೆ ಬರೆಸಲಾಗದು. ಆದರೆ ಹುಡುಗನ ಕಾಲು ಸಡಿಲವಾಗುವುದು ವಾರಕ್ಕೆ ಮೂರು ಸಲ ಹಿಡಿದು ಎಳೆಯುವ ಆ ಕೈಯಿಂದ. ಕೈ ತಪ್ಪಿದ್ದಕ್ಕೇ ಮೀನಖಂಡ ಬಿಗಿದು ಹಿಮ್ಮಡಿ ಮೇಲೆದ್ದಿತ್ತು.

ಬಿಡಿಸಿದ್ದೇಕೆ? ಸೆಂಟರಿನ ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವೇದಿಕೆಗೆ ಎತ್ತಿ ತಂದು, ಶಾಲು ಹೊದಿಸಿ, ದಾನಿಗಳ ಜೊತೆ ಫೋಟೋ ತೆಗೆದಿದ್ದರು. ಮರುದಿನ ಆ ಫೋಟೋ ಗಂಗವ್ವನ ಗಂಡ ಮಲ್ಲಪ್ಪ ಕೆಲಸ ಮಾಡುವ ಕಟ್ಟಡದ ಗೌಂಡಿಗಳ ಮೊಬೈಲಿಗೂ ಬಂತು. “ನಿನ್ನ ಮಗಗ ಎಷ್ಟ ಕೊಟ್ರೋ?” ಅಂತ ಒಬ್ಬ ಕೇಳಿದನಂತೆ. ಅಷ್ಟೇ.

ಎರಡನೆಯ ಭೇಟಿಗೆ ಮಲ್ಲಪ್ಪ ಬಂದರು, ಕೈಯ ಸಿಮೆಂಟು ತೊಳೆದುಕೊಂಡು. ನಾನಿಲ್ಲಿ ಆತುರಪಟ್ಟೆ. ನಮ್ಮ ಭಾಗದವರಿಗೆಲ್ಲ ಗೊತ್ತಿರುವ ಸಿರಸಂಗಿ ಲಿಂಗರಾಜ ದೇಸಾಯಿಯವರ ಮಾತು ತೆಗೆದೆ. 1906ರಲ್ಲಿ ಮೃತ್ಯುಪತ್ರ ಬರೆದು, ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದವರು; ಆ ಆಸ್ತಿಯ ಟ್ರಸ್ಟಿನ ಹಣದಲ್ಲಿ ಓದಿದವರು ಯಾರೂ ಭಿಕ್ಷೆ ತಗೊಂಡೆವು ಅಂದುಕೊಳ್ಳಲಿಲ್ಲ ಅಂದೆ.

ಅವರು ಕೇಳಿಸಿಕೊಂಡು ಸುಮ್ಮನೆ ಕುಳಿತರು. ಆಮೇಲೆ ನೆಲ ನೋಡುತ್ತ ಅಂದರು: “ಖರೇ ಐತ್ರಿ. ಓದೋ ಹುಡುಗರಿಗೆ ಕೊಟ್ರು. ಅವರು ಓದಿ ನೌಕರಿ ಹಿಡದು ಊರಿಗೆ ಹೆಸರ ತಂದ್ರು. ನಮ್ಮ ಹುಡುಗ ಏನ್ ತೀರಸ್ತಾನ್ರಿ?”

ಹಂಗಿನ ಅವಮಾನ ಅಂತ ನಾನು ತಿಳಿದದ್ದು ಬರೀ ಮೇಲಿನ ಪದರ. ಒಳಗಿದ್ದದ್ದು ಮಗನ ಬಗೆಗಿನ ದುಃಖ, ಆರು ವರ್ಷದಿಂದ ಯಾರ ಮುಂದೆಯೂ ಆಡದ್ದು. ಅವತ್ತು ಟ್ರಸ್ಟಿನ ಮಾತು ಮತ್ತೆ ಎತ್ತಲಿಲ್ಲ. ಸಂಗು ನಡೆಯುತ್ತಾನೆಂದು ಎಷ್ಟು ವರ್ಷ ಕಾದಿರಿ ಎಂದಷ್ಟೇ ಕೇಳಿದೆ. ಅವರು ಅತ್ತರು. ಗಂಡ ಅತ್ತದ್ದನ್ನು ಗಂಗವ್ವ ನೋಡಿದ್ದು ಅದೇ ಮೊದಲಂತೆ.

ಹಣದ ಮಾತಿಗೆ ಬಂದದ್ದು ಮೂರನೆಯ ಭೇಟಿಯಲ್ಲಿ. ದತ್ತಿ ಅಂದರೆ ಒಬ್ಬರು ಇವತ್ತು ಜೇಬಿನಿಂದ ತೆಗೆದು ಕೊಡುವ ದುಡ್ಡಲ್ಲ. ಅಸಲು ಮುಟ್ಟುವಂತಿಲ್ಲ, ಅದರ ಹುಟ್ಟುವಳಿ ಇಂಥ ಕೆಲಸಕ್ಕೇ ಅಂತ ಮೊದಲೇ ಬರೆದಿಟ್ಟಿರುತ್ತದೆ ಎಂದು ಬಿಡಿಸಿ ಹೇಳಿದೆ. ಆಮೇಲೆ ಅವರ ಪ್ರಶ್ನೆಗೆ ಉತ್ತರ. 1999ರಲ್ಲಿ ಸಂಸತ್ತು ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಮಾಡಿತು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಕಲತೆ ಇರುವವರಿಗಾಗಿ ಕೇಂದ್ರ ಸರ್ಕಾರ ಒಂದೇ ಸಲ 100 ಕೋಟಿ ರೂಪಾಯಿ ಮೂಲನಿಧಿ ಕೊಡಬೇಕು, ಅದರ ವರಮಾನ ಅವರ ತಕ್ಕಮಟ್ಟಿನ ಬದುಕಿಗೆ ಬಳಕೆಯಾಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. “ಮಲ್ಲಪ್ಪನವರ, ಅದರಾಗ ತೀರಿಸಬೇಕು ಅನ್ನೋ ಮಾತ ಇಲ್ರಿ. ಸಂಗೂನಂಥವರು ಅದಾರ ಅಂತಾನ ಆ ನಿಧಿ ಇಟ್ಟದ್ದು.”

ಆ ನ್ಯಾಸದ ‘ನಿರಾಮಯ’ ಆರೋಗ್ಯವಿಮೆಗೆ ಸೇರಿಸಲು ಹೇಳಿದೆ. ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿವರೆಗೆ, ಅದರಲ್ಲೇ ಒಂದು ಮಿತಿಯೊಳಗೆ ಥೆರಪಿಯ ಖರ್ಚಿಗೂ ಸಿಗುತ್ತದೆ. ಮೊದಲು ನಾವೇ ಹಣ ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು, ಹಾಗಾಗಿ ಪ್ರತಿ ಚೀಟಿಯನ್ನೂ ಜೋಪಾನ ಮಾಡಬೇಕು. ಪ್ರತಿ ವರ್ಷ ನವೀಕರಿಸಬೇಕು. ದಿನಗೂಲಿಯವರಿಗೆ ಮೊದಲು ಕಟ್ಟುವುದೇ ಕಷ್ಟ. ಆದ್ದರಿಂದ ಸೆಂಟರಿನ ಉಚಿತ ಥೆರಪಿಯನ್ನು ಬಿಡಲೇಬಾರದು, ವಿಮೆ ಅದರ ಜೊತೆಗಿರಲಿ ಎಂದೆ.

ಸೆಂಟರಿನವರ ಹತ್ತಿರವೂ ಮಾತಾಡಿದೆ. ಅವರಿಗೂ ಸಂಕಟವೇ: ದತ್ತಿ ಕೊಟ್ಟವರಿಗೆ ವರ್ಷಕ್ಕೊಮ್ಮೆ ವರದಿ ಬೇಕು, ಫೋಟೋ ಇಲ್ಲದ ವರದಿ ಹೇಗೆ ಕಳಿಸುವುದು? ಮುಖ ಕಾಣದ ಹಾಗೆ, ಥೆರಪಿಸ್ಟರ ಕೈಯೂ ಮಗುವಿನ ಕಾಲೂ ಇರುವ ಫೋಟೋ ಕಳಿಸಿ, ಎಷ್ಟು ಮಕ್ಕಳು ಎಷ್ಟು ದಿನ ಬಂದರು ಅಂತ ಲೆಕ್ಕ ಬರೆಯಿರಿ ಎಂದೆ. ತಂದೆತಾಯಿ ಬರೆದು ಒಪ್ಪದೆ ಯಾವ ಮಗುವಿನ ಮುಖವೂ ಹೊರಗೆ ಹೋಗಕೂಡದು. ಆ ಮನೆತನದವರು ಒಂದೇ ಫೋನಿಗೆ ಒಪ್ಪಿದರು. ಇಷ್ಟು ವರ್ಷ ಅವರನ್ನು ಯಾರೂ ಕೇಳಿರಲೇ ಇಲ್ಲ.

ಮಲ್ಲಪ್ಪ ಒಪ್ಪಿದರು. ಆದರೆ ಒಂದು ಕರಾರು ತಂದರು: “ಸೆಂಟರಿನ ಬಾಗಲಕ್ಕ ಗಾಲಿಕುರ್ಚಿ ಏರೂ ಹಂಗ ಇಳಿಜಾರ ಕಟ್ಟಿಕೊಡ್ತೀನ್ರಿ, ಪುಗಸಟ್ಟೆ.” ನಾನು ಬೇಡ ಎಂದೆ. ಅವರ ಮುಖ ಸಣ್ಣದಾಯಿತು, ಆದರೂ ಬೇಡ ಎಂದೆ. ಮಗನ ಪಾಲಿನದನ್ನು ತಂದೆ ಕೂಲಿಯಲ್ಲಿ ತೀರಿಸತೊಡಗಿದರೆ ಅದು ಮತ್ತೆ ಸಾಲವೇ ಆಗುತ್ತಿತ್ತು. ಕಟ್ಟಲೇಬೇಕೆಂದರೆ ಬೇರೆ ಗೌಂಡಿಗೆ ಕೊಡುವ ಪಗಾರವನ್ನೇ ನೀವೂ ತಗೊಳ್ಳಿ ಎಂದೆ.

ತಗೊಂಡರು. ಎರಡು ದಿನದ ಕೆಲಸ.

ಸಂಗುವಿನ ಹಿಮ್ಮಡಿ ಸ್ಪ್ಲಿಂಟಿನ ತಳ ಮುಟ್ಟಲು ಐದು ತಿಂಗಳು ಹಿಡಿಯಿತು, ಎಡಗಾಲು ಇನ್ನೂ ಪೂರ್ತಿ ಕೂತಿಲ್ಲ. ಈ ಸಲದ ವಾರ್ಷಿಕೋತ್ಸವಕ್ಕೆ ಗಂಗವ್ವ ಮಗನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದರಂತೆ. ಮಲ್ಲಪ್ಪ ಹೋಗಲಿಲ್ಲ. ಹೋಗಿ ಅಂತ ನಾನೂ ಹೇಳಿರಲಿಲ್ಲ.