ಎಳ್ಕೊಂಡ ಆಕ್ಸಿಜನ್ ಏನಾಗುತ್ತೆ?

ಪ್ರಶ್ನೆ: ಮೈಯೊಳಗೆ ಸಕ್ಕರೆ ಉರಿದು ಶಕ್ತಿ ಬರುತ್ತೆ ಅಂತಾರೆ, ಹಾಗಿದ್ರೆ ಬೆಂಕಿ ಯಾಕೆ ಹತ್ಕೊಳ್ಳಲ್ಲ? ಉಸಿರಾಡಿದ ಆಕ್ಸಿಜನ್ನೇ ಕಾರ್ಬನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಬರೋದಲ್ವಾ ಸಾರ್?

ಉತ್ತರ: ಎರಡನೇ ಪ್ರಶ್ನೆ ಮೊದ್ಲು ತಗೊಳ್ತೀನಿ, ಅದೇ ಮಜವಾಗಿರೋದು. ಅಲ್ಲ, ಹಾಗಾಗಲ್ಲ. ನೀವು ಎಳ್ಕೊಂಡ ಆಕ್ಸಿಜನ್ನಲ್ಲಿ ಬಹುಪಾಲು ನೀರಾಗುತ್ತೆ. ಶಾಲೆ ಪುಸ್ತಕದಲ್ಲಿ ಸಮೀಕರಣನ ಒಂದೇ ಸಾಲಲ್ಲಿ ಬರೆದು ಮುಗಿಸಿಬಿಡ್ತಾರೆ, ಅದಕ್ಕೇ ಈ ಗೊಂದಲ.

ಲೆಕ್ಕ ನೋಡಿ. ಒಂದು ಗ್ಲೂಕೋಸ್‌ನಿಂದ (ಮೈ ಬಳಸ್ಕೊಳ್ಳೋ ಸಕ್ಕರೆಯ ಒಂದು ಅಣು) 6 ಕಾರ್ಬನ್ ಡೈಆಕ್ಸೈಡ್ ಅಣು ಬರುತ್ತೆ, ಅದಕ್ಕೆ 12 ಆಕ್ಸಿಜನ್ ಪರಮಾಣು ಬೇಕು, 6 ಗ್ಲೂಕೋಸ್‌ನಲ್ಲೇ ಇದೆ, ಉಳಿದ 6 ಜೀವಕೋಶದೊಳಗಿನ ನೀರಿಂದ ಬರುತ್ತೆ. ಗಾಳಿಯಿಂದಲ್ಲ. ಮೊದ್ಲು 10 ಹಂತದಲ್ಲಿ ಗ್ಲೂಕೋಸ್ ಒಡೆದು ಪೈರುವೇಟ್ ಅನ್ನೋ ಎರಡು ಚಿಕ್ಕ ಅಣು ಆಗುತ್ತೆ, ಇಲ್ಲಿವರೆಗೂ ಆಕ್ಸಿಜನ್ ಬೇಕೇ ಇಲ್ಲ, ಆಮೇಲೆ ಅದು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾ ಒಳಗೆ ಹೋಗಿ ವಿಜ್ಞಾನಿ ಹಾನ್ಸ್ ಕ್ರೆಬ್ಸ್ 1937ರಲ್ಲಿ ತೋರಿಸಿಕೊಟ್ಟ ರಾಸಾಯನಿಕ ಕ್ರಿಯೆಗಳ ಚಕ್ರಕ್ಕೆ ಸೇರುತ್ತೆ, ಅಲ್ಲಿಗೆ ಕಾರ್ಬನ್ನೆಲ್ಲಾ ಕಾರ್ಬನ್ ಡೈಆಕ್ಸೈಡ್ ಆಗಿ ಕಳಚ್ಕೊಂಡಾಯ್ತು. ಕಿತ್ತುಕೊಂಡ ಹೈಡ್ರೋಜನ್ನಿನ ಎಲೆಕ್ಟ್ರಾನ್‌ಗಳು ಮಾತ್ರ ಪ್ರೋಟೀನ್‌ಗಳ ಒಂದು ಸಾಲಲ್ಲಿ ಕೈಯಿಂದ ಕೈಗೆ ದಾಟ್ತಾ ಹೋಗ್ತವೆ, ಆ ಸಾಲಿನ ಕಟ್ಟಕಡೇಲಿ ಅವನ್ನ ಇಸ್ಕೊಳ್ಳೋದೇ ನಿಮ್ಮ ಆಕ್ಸಿಜನ್, ಇಸ್ಕೊಂಡು ನೀರಾಗುತ್ತೆ. ಸಯನೈಡ್ ವಿಷ ಹಿಡಿಯೋದು ಸರಿಯಾಗಿ ಈ ಸಾಲಿನ ಕೊನೇ ಪ್ರೋಟೀನನ್ನ, ಅಂದ್ರೆ ಕ್ರಿಯೆಗೆ ವೇಗ ಕೊಡೋ ಎನ್‌ಜೈಮನ್ನೇ, ರಕ್ತದ ತುಂಬಾ ಆಕ್ಸಿಜನ್ ಇದ್ರೂ ಜೀವಕೋಶಕ್ಕೆ ಅದನ್ನ ಬಳಸ್ಕೊಳ್ಳೋಕೆ ಆಗಲ್ಲ.

ಇನ್ನು ಬೆಂಕಿ ವಿಷ್ಯ. ಗ್ರಾಂ ಸಕ್ಕರೆಗೆ ಸುಮಾರು 4 ಕಿಲೋಕ್ಯಾಲರಿ, ಬೆಂಕಿಗೆ ಹಾಕಿದ್ರೂ ಅಷ್ಟೇ, ಮೈಯಲ್ಲಿ ಕರಗಿದ್ರೂ ಅಷ್ಟೇ. ಆದ್ರೆ ಬೆಂಕಿಯಲ್ಲಿ ಅದೆಲ್ಲಾ ಒಂದೇ ಸಲ ಹೊರಗೆ ಬರುತ್ತೆ, ಮೈಯಲ್ಲಿ ಕಂತು ಕಂತಾಗಿ, ಒಂದೊಂದು ಹಂತಕ್ಕೂ ಒಂದೊಂದು ಎನ್‌ಜೈಮ್ ಇರೋದ್ರಿಂದ 37 ಡಿಗ್ರಿಯಲ್ಲೇ ಕೆಲ್ಸ ಆಗುತ್ತೆ. ಒಂದು ಗ್ಲೂಕೋಸ್‌ಗೆ 30ರ ಆಸುಪಾಸಿನಷ್ಟು ಎಟಿಪಿ (ಜೀವಕೋಶ ತನ್ನ ಕೆಲ್ಸಕ್ಕೆ ಖರ್ಚು ಮಾಡೋ ಶಕ್ತಿ ತುಂಬಿದ ಅಣು) ಸಿಗುತ್ತೆ, ಉಳಿದ ಶಕ್ತಿ ಶಾಖವಾಗುತ್ತೆ, ಮೈ ಬೆಚ್ಚಗಿರೋದು ಅದರಿಂದಾನೇ.

ಹೀಗೆ ಹುಟ್ಟೋ ನೀರೇನೂ ವೇಸ್ಟ್ ಅಲ್ಲ. ಅಮೆರಿಕದ ಮರುಭೂಮಿಯ ಕಾಂಗರೂ ಇಲಿ ಒಣ ಬೀಜ ತಿಂದ್ಕೊಂಡು, ನೀರೇ ಕುಡೀದೆ, ಬಹುಮಟ್ಟಿಗೆ ಇದರ ಮೇಲೇ ಬದುಕುತ್ತೆ. ನಮ್ಮೊಳಗೂ ದಿನಕ್ಕೆ ಸುಮಾರು 300 ಮಿಲಿಲೀಟರ್ ತಯಾರಾಗುತ್ತೆ, ಆದ್ರೆ ಬೆವರು, ಮೂತ್ರ, ಉಸಿರಲ್ಲಿ ಹೋಗೋದು ಅದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ನಾವು ನೀರು ಕುಡೀಲೇಬೇಕು.