ಬರುವುದಿದ್ದರೆ ಮೊದಲೇ ಬಂದು ಹೋಗಲಿ ಎನ್ನಬಹುದೇ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮದು ಬದಿಯಡ್ಕದ ಸಮೀಪದ ಅಡಿಕೆ ಕೃಷಿಕರ ಮನೆ. ಕೋವಿಡ್‌ನ ಎರಡು ವರ್ಷ ನಾನು ಮನೆಯವರನ್ನೆಲ್ಲ ಬಹಳ ಬಿಗಿಯಾಗಿ ಕಾದುಕೊಂಡಿದ್ದೆ. ಮದುವೆ, ಉಪನಯನ, ಬೊಜ್ಜ (ಉತ್ತರಕ್ರಿಯೆ) ಯಾವುದಕ್ಕೂ ಯಾರನ್ನೂ ಕಳುಹಿಸಲಿಲ್ಲ. ನೆರೆಯಲ್ಲೇ ಇರುವ ನನ್ನ ಭಾವನವರು ಅಂಥ ಯಾವ ನಿರ್ಬಂಧವನ್ನೂ ಇಟ್ಟುಕೊಳ್ಳದೆ 2020ರ ಕೊನೆಯಲ್ಲೇ ಜ್ವರ ತಂದುಕೊಂಡು, ನಾಲ್ಕು ದಿನ ಮಲಗಿ ಎದ್ದರು. ಆಗ ಅವರಿಗೆ 41 ವರ್ಷ. ನಮ್ಮ ಮನೆಯ ಐದು ಮಂದಿಗೂ 2022ರ ಜನವರಿಯಲ್ಲಿ ಒಟ್ಟಿಗೆ ಬಂತು. ಸಕ್ಕರೆ ಕಾಯಿಲೆಯಿರುವ, ಆಗ 78 ವರ್ಷದವರಾಗಿದ್ದ ತಂದೆಯವರಿಗೂ ಬಂತು. ಎರಡು ಡೋಸ್ ಲಸಿಕೆ ಆಗಿದ್ದ ಅವರು ಒಂದು ವಾರದಲ್ಲಿ ಸುಧಾರಿಸಿಕೊಂಡರು. "ಕೊನೆಗೂ ಬಂತಲ್ಲ, ಎರಡು ವರ್ಷ ಬಾಗಿಲು ಹಾಕಿ ಕುಳಿತು ಏನು ಸಿಕ್ಕಿತು?" ಎಂದು ಭಾವನವರು ಇಂದಿಗೂ ಕೇಳುತ್ತಾರೆ. ಇನ್ನೊಂದು ಮಹಾಮಾರಿ ಬಂದರೆ ಆರಂಭದಲ್ಲೇ ತಗಲಿಸಿಕೊಂಡು ಮುಗಿಸುವುದು ಸರಿಯೇ, ತಪ್ಪಿಸಿಕೊಳ್ಳುತ್ತ ಇರುವುದು ಸರಿಯೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರಿಗೂ ಕೊನೆಗೆ ತಗಲಿತು ಎಂಬಷ್ಟರ ಮಟ್ಟಿಗೆ ನಿಮ್ಮ ಭಾವನವರ ಮಾತು ನಿಜ. ವಿಶ್ವ ಆರೋಗ್ಯ ಸಂಸ್ಥೆಯು 2021ರ ನವೆಂಬರ್ 26ರಂದು ಒಮಿಕ್ರಾನ್ ಎಂದು ಹೆಸರಿಟ್ಟ ರೂಪಾಂತರವು ಬಂದ ಮೇಲೆ ಬಾಗಿಲು ಹಾಕಿ ಕುಳಿತವರ ಮನೆಗಳಿಗೂ ವೈರಸ್ ಹೊಕ್ಕಿತು. ಆದರೆ "ಬಂತು" ಎಂಬ ಒಂದೇ ಮಾತಿನಲ್ಲಿ 2020ರಲ್ಲಿ ಅವರಿಗೆ ಬಂದದ್ದನ್ನೂ 2022ರಲ್ಲಿ ನಿಮ್ಮ ತಂದೆಯವರಿಗೆ ಬಂದದ್ದನ್ನೂ ಸೇರಿಸಿಬಿಡುವುದು ಸರಿಯಲ್ಲ. ಲಸಿಕೆ ಇಲ್ಲದ ದಿನಗಳಲ್ಲಿ ಹಲವು ದೇಶಗಳ ಅಂಕಿಗಳನ್ನು ಕೂಡಿಸಿ ಮಾಡಿದ ಅಂದಾಜಿನಂತೆ, ನಲ್ವತ್ತರ ವಯಸ್ಸಿನಲ್ಲಿ ಸೋಂಕು ತಗಲಿದವರ ಪೈಕಿ ಸಾಯುವವರು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. 75ರ ಆಸುಪಾಸಿನಲ್ಲಿ ನೂರಕ್ಕೆ ನಾಲ್ಕೈದು ಮಂದಿ. 85ರಲ್ಲಿ ಅದಕ್ಕೂ ಸುಮಾರು ಮೂರು ಪಟ್ಟು. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನಷ್ಟು ಏರುತ್ತದೆ. ಭಾವನವರು ಆಡಿದ ಜೂಜು ಅವರ ವಯಸ್ಸಿಗೆ ಚಿಕ್ಕದು, ನಿಮ್ಮ ತಂದೆಯವರ ವಯಸ್ಸಿಗೆ ದೊಡ್ಡದು. ಎರಡು ವರ್ಷದಲ್ಲಿ ಏನು ಸಿಕ್ಕಿತು ಎಂದು ಅವರು ಮುಂದಿನ ಸಲ ಕೇಳಿದಾಗ ಜಗಲಿಯಲ್ಲಿ ಕುಳಿತಿರುವ ತಂದೆಯವರತ್ತ ಕೈತೋರಿಸಿದರೆ ಸಾಕು.

ಹಾಗೆಂದು ಮೊದಲೇ ತಗಲಿಸಿಕೊಳ್ಳುವುದು ಯಾವ ಕಾಲದಲ್ಲೂ ಮೂರ್ಖತನವಾಗಿತ್ತು ಎಂದು ನಾನು ಹೇಳುವುದಿಲ್ಲ. ಮಕ್ಕಳಲ್ಲಿ ಒಂದೆರಡು ದಿನದ ಜ್ವರ, ಮೈಮೇಲೆ ಕೆಂಪು ದದ್ದುಗಳಷ್ಟೇ ಆಗಿ ಹೋಗುವ ರುಬೆಲ್ಲಾ, ಬಸುರಿಯರಿಗೆ ತಗಲಿದರೆ ಹುಟ್ಟುವ ಕೂಸಿಗೆ ಕುರುಡು, ಹೃದಯದ ದೋಷ ತರುತ್ತದೆಂದು 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಗುರುತಿಸಿದರು. ಲಸಿಕೆ ಬರುವವರೆಗೆ, ಹೆಣ್ಣುಮಕ್ಕಳಿಗೆ ಎಳವೆಯಲ್ಲೇ ಅದು ಬಂದು ಹೋಗಲಿ ಎಂದು ತಾಯಂದಿರು ಬಯಸಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಲೆಕ್ಕ ಸರಿಹೋಗುವುದಕ್ಕೆ ಮೂರು ಸಂಗತಿಗಳು ಕೂಡಿ ಬಂದಿದ್ದವು: ರೋಗವು ಎಳವೆಯಲ್ಲಿ ಹಗುರ, ಪ್ರಾಯದಲ್ಲಿ ಕಠಿಣವಾಗಿತ್ತು, ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುತ್ತಿರಲಿಲ್ಲ, ಬೇರೆ ದಾರಿ ಇರಲಿಲ್ಲ. 1918ರ ಇನ್‌ಫ್ಲುಯೆಂಜಾದ ಮೊದಲ ಅಲೆ ಹಗುರವಾಗಿತ್ತು, ಕೆಲವೇ ತಿಂಗಳ ಬಳಿಕ ಬಂದ ಎರಡನೆಯದು ನಮ್ಮ ದೇಶದಲ್ಲೇ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಮೊದಲ ಅಲೆಯಲ್ಲಿ ಮಲಗಿ ಎದ್ದಿದ್ದವರು ಎರಡನೆಯದರಲ್ಲಿ ಕಡಿಮೆ ನರಳಿದರೆಂದು ಅಮೆರಿಕದ ಸೈನಿಕ ಶಿಬಿರಗಳ ದಾಖಲೆಗಳಿಂದ ತಿಳಿದುಬಂದಿದೆ. ಭಾವನವರ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಆದರೆ ಮುಂದಿನ ಅಲೆ ಹೆಚ್ಚು ಕ್ರೂರವಾಗಿರುತ್ತದೆಂದು ಆ ವರ್ಷದ ಜೂನ್‌ನಲ್ಲಿ ತಿಳಿದವರು ಯಾರಿದ್ದರು? ಅದು ಮುಗಿದ ಮೇಲೆ ಕಂಡ ಜಾಣತನ.

ಕೋವಿಡ್‌ನಲ್ಲಿ ಆ ಮೂರು ಸಂಗತಿಗಳಲ್ಲಿ ಎರಡನೆಯದು, ಅಂದರೆ ಒಮ್ಮೆ ಬಂದರೆ ಮತ್ತೆ ಬಾರದೆಂಬುದು, ಕೈಕೊಟ್ಟಿತು. ಬ್ರೆಜಿಲ್‌ನ ಮನೌಸ್ ನಗರದಲ್ಲಿ 2020ರ ಅಕ್ಟೋಬರ್ ವೇಳೆಗೆ ಶೇಕಡಾ 70ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿ ಹೋಗಿದೆ ಎಂದು ಒಂದು ಅಧ್ಯಯನ ಅಂದಾಜಿಸಿತ್ತು. ಆ ಅಂದಾಜು ಹೆಚ್ಚಾಯಿತು ಎಂಬ ಆಕ್ಷೇಪ ಆಮೇಲೆ ಬಂತಾದರೂ, ಅಲ್ಲಿನ ಜನ ಬಹಳಷ್ಟು ಸೋಂಕನ್ನು ಕಂಡವರೇ. ಆದರೂ 2021ರ ಜನವರಿಯಲ್ಲಿ ಹೊಸ ರೂಪಾಂತರವೊಂದು ಎದ್ದು, ಅದೇ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕ ಮುಗಿದು ಜನ ಸತ್ತರು. ಸೋಂಕಿನಿಂದ ಬಂದ ರಕ್ಷಣೆ ಶೂನ್ಯವೆಂದಲ್ಲ; ಎರಡನೆಯ ಸಲ ಬಂದಾಗ ಸಾಮಾನ್ಯವಾಗಿ ಹಗುರವಾಗಿಯೇ ಬರುತ್ತದೆ. ಆದರೆ "ಬಂದು ಮುಗಿಯಿತು" ಎಂಬುದು ಈ ಜಾತಿಯ ವೈರಸ್‌ಗೆ ಹೊಂದುವ ಮಾತಲ್ಲ. ನೆಗಡಿ ತರುವ ನಾಲ್ಕು ಹಳೆಯ ಕೊರೊನಾ ವೈರಸ್‌ಗಳೂ ಒಂದೆರಡು ವರ್ಷಕ್ಕೊಮ್ಮೆ ಅದೇ ವ್ಯಕ್ತಿಗೆ ಮತ್ತೆ ತಗಲುವಂಥವೇ.

ಇನ್ನು ಕಾದವರಿಗೆ ಸಿಕ್ಕಿದ್ದನ್ನು ನೋಡೋಣ. 2020ರ ಏಪ್ರಿಲ್‌ನಲ್ಲಿ ತೀವ್ರವಾಗಿ ಕಾಯಿಲೆ ಬಿದ್ದವನಿಗೆ ಯಾವ ಮದ್ದು ಕೊಡಬೇಕೆಂದು ವೈದ್ಯರಿಗೇ ತಿಳಿದಿರಲಿಲ್ಲ. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಮದ್ದು ವೆಂಟಿಲೇಟರ್‌ನಲ್ಲಿರುವವರ ಸಾವನ್ನು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಮಾಡುತ್ತದೆಂದು ಬ್ರಿಟನ್ನಿನ ಪರೀಕ್ಷೆಯೊಂದು ಅದೇ ಜೂನ್‌ನಲ್ಲಿ ತೋರಿಸಿತು. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಲಸಿಕೆ ಆರಂಭವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ ಸಿಕ್ಕಿತು. ಅಂದರೆ ನಿಮ್ಮ ತಂದೆಯವರು ಕಾಯಬೇಕಾಗಿ ಬಂದದ್ದು ಅನಿರ್ದಿಷ್ಟ ಕಾಲವಲ್ಲ, ಒಂದು ವರ್ಷ. ವೈರಸ್ಸನ್ನು ಮೊದಲು ಕಂಡು ಆಮೇಲೆ ಲಸಿಕೆಯನ್ನು ಕಾಣುವುದಕ್ಕೂ, ಲಸಿಕೆಯನ್ನು ಕಂಡ ಮೇಲೆ ವೈರಸ್ಸನ್ನು ಎದುರಿಸುವುದಕ್ಕೂ ಇರುವ ಅಂತರವೇ ನನ್ನ ಉತ್ತರದ ತಿರುಳು.

ಕಾಸರಗೋಡಿನವರಾದ ನಮಗೆ ಮೊದಲೇ ತಗಲಿಸಿಕೊಳ್ಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ದೇಶದ ಮೂರನೆಯ ಕೋವಿಡ್ ಪ್ರಕರಣ 2020ರ ಫೆಬ್ರವರಿ 3ರಂದು ವರದಿಯಾದದ್ದು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ. ಮಾರ್ಚ್ ಕೊನೆಗೆ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಹೃದಯಕ್ಕೂ ಮೂತ್ರಪಿಂಡಕ್ಕೂ ಮಂಗಳೂರನ್ನೇ ನಂಬಿದ್ದ ಜಿಲ್ಲೆಯ ರೋಗಿಗಳು ತಲಪಾಡಿಯಿಂದ ಹಿಂದೆ ಬರಬೇಕಾಯಿತು, ಕೆಲವರು ಸತ್ತರು, ವಿಷಯ ಕೇರಳ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಕಟ್ಟಡದ ಕೆಲಸವೇ ಪೂರ್ಣವಾಗದಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜನ್ನು ಏಪ್ರಿಲ್‌ನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆಯಾಗಿ ಮಾಡಿದರು. ಟಾಟಾ ಸಮೂಹ ತೆಕ್ಕಿಲ್‌ನಲ್ಲಿ ಕಟ್ಟಿಕೊಟ್ಟ ಆಸ್ಪತ್ರೆ ಸರಕಾರದ ಕೈಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ರೋಗ ಯಾವ ತಿಂಗಳಿಗೆ ಬರಲಿ ಎಂದು ಬಯಸುವವರು, ಆ ತಿಂಗಳು ಹಾಸಿಗೆ ಎಲ್ಲಿದೆ, ಅದರ ದಾರಿ ತೆರೆದಿದೆಯೇ ಎಂಬುದನ್ನೂ ಬಯಸಿಕೊಳ್ಳಬೇಕಾಗುತ್ತದೆ.

ಸಂಖ್ಯೆಯನ್ನು ನಂಬುವವರಿಗೆ ಒಂದು ಹೋಲಿಕೆ. 2021ರ ಜೂನ್–ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ರಕ್ತ ಸಮೀಕ್ಷೆಯಲ್ಲಿ, ಸೋಂಕಿನಿಂದಲೋ ಲಸಿಕೆಯಿಂದಲೋ ಪ್ರತಿಕಾಯ ಹೊಂದಿದವರು ಕರ್ನಾಟಕದಲ್ಲಿ ಶೇಕಡಾ 69.8 ಇದ್ದರೆ ಕೇರಳದಲ್ಲಿ ಶೇಕಡಾ 44.4 ಮಾತ್ರ, ಸಮೀಕ್ಷೆ ನಡೆದ ರಾಜ್ಯಗಳಲ್ಲೇ ಅದು ಅತಿ ಕಡಿಮೆ. ಮರುತಿಂಗಳು ದೇಶದ ದಿನದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕೇರಳದ್ದೇ ಆದಾಗ, ಗಡಿಯಾಚೆಯ ನೆಂಟರು ಫೋನ್ ಮಾಡಿ ನಮ್ಮನ್ನು ಗೇಲಿ ಮಾಡಿದ್ದು ನೆನಪಿದೆ. ಆದರೆ ಏಪ್ರಿಲ್–ಮೇ ತಿಂಗಳಲ್ಲಿ ಡೆಲ್ಟಾ ಅಲೆ ಉತ್ತರದ ನಗರಗಳಲ್ಲಿ ಚಿತೆಗೆ ಸಾಲು ನಿಲ್ಲಿಸಿದ್ದಾಗ ಸೋಂಕನ್ನು ಕಾಣದೆ ಉಳಿದವರು ಇಲ್ಲಿ ಹೆಚ್ಚಿದ್ದರು. ಆಗಸ್ಟ್‌ನಲ್ಲಿ ಅದನ್ನು ಕಂಡವರಲ್ಲಿ ಅನೇಕರಿಗೆ, ಅದರಲ್ಲೂ ಮುದುಕರಿಗೆ, ಒಂದು ಡೋಸಾದರೂ ಆಗಿತ್ತು. ಗೇಲಿಗೆ ಕಾರಣವಾದ ಅಂಕಿಯೇ ನನಗೆ ಸಮಾಧಾನದ ಅಂಕಿಯಾಗಿ ಕಾಣುತ್ತದೆ.

ತಡಮಾಡಿದರಷ್ಟೇ ಸಾಲದು ಎಂಬುದನ್ನು ಮಾತ್ರ ಮರೆಯಬಾರದು. ನ್ಯೂಜಿಲೆಂಡೂ ಹಾಂಕಾಂಗೂ ಎರಡು ವರ್ಷ ವೈರಸ್ಸನ್ನು ಬಹುಮಟ್ಟಿಗೆ ಹೊರಗಿಟ್ಟವು. 2022ರ ಆರಂಭದಲ್ಲಿ ಎರಡೂ ಕಡೆ ಒಮಿಕ್ರಾನ್ ನುಗ್ಗಿತು. ನ್ಯೂಜಿಲೆಂಡಿನಲ್ಲಿ ವಯಸ್ಕರಲ್ಲಿ ಬಹುಪಾಲು ಜನರಿಗೆ ಲಸಿಕೆ ಆಗಿತ್ತು, ಸಾವು ಕಡಿಮೆಯಿತ್ತು. ಹಾಂಕಾಂಗಿನಲ್ಲಿ 80 ದಾಟಿದವರಲ್ಲಿ ಹೆಚ್ಚಿನವರು ಎರಡು ಡೋಸ್ ತೆಗೆದುಕೊಂಡಿರಲಿಲ್ಲ. ಮಾರ್ಚ್‌ನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ಜಾಗಗಳಲ್ಲಿ ಅದೊಂದಾಯಿತು. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಮದ್ದು ಬಿಡುವ ನಿಮಗೆ ಇದು ಕೂಡಲೇ ಅರ್ಥವಾಗುತ್ತದೆ: ಮಳೆ ತಡವಾದದ್ದರ ಲಾಭ, ಆ ಬಿಡುವಿನಲ್ಲಿ ಮದ್ದು ಬಿಟ್ಟವನಿಗೆ ಮಾತ್ರ.

ನಿಮ್ಮ ಬಿಗಿಯನ್ನೂ ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ತಂದೆಯವರಿಗೆ ಎರಡನೆಯ ಡೋಸ್ ಆಗಿ ಹದಿನೈದು ದಿನ ಕಳೆದು, ಊರಿನಲ್ಲಿ ಅಲೆ ಇಳಿದ ಮೇಲೆ, ನೀವು ಕೆಲವು ಬೊಜ್ಜಗಳಿಗಾದರೂ ಹೋಗಬಹುದಿತ್ತು. ತಪ್ಪಿಸಿಕೊಳ್ಳುವುದಕ್ಕೂ ಬೆಲೆಯಿದೆ, ಅದನ್ನು ಮಕ್ಕಳು ಶಾಲೆಯಲ್ಲೂ ಮುದುಕರು ಒಂಟಿತನದಲ್ಲೂ ತೆತ್ತಿದ್ದಾರೆ.

ಇನ್ನೊಂದು ಮಹಾಮಾರಿ ಬಂದರೆ ಮೊದಲ ಕೆಲವು ತಿಂಗಳು ಎಲ್ಲರೂ ತಪ್ಪಿಸಿಕೊಳ್ಳುವುದೇ ಸರಿ, ಏಕೆಂದರೆ ಆಗ ಯಾವ ಲೆಕ್ಕಕ್ಕೂ ಅಂಕಿಗಳಿರುವುದಿಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ತಗಲಿದವರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಅದು ಮೊದಲೇ ಬಂದು ಹೋಗಲಿ ಎಂದು ಯಾರೂ ಹೇಳಲಿಲ್ಲ. ಯಾವ ವಯಸ್ಸಿನವರು ಸಾಯುತ್ತಿದ್ದಾರೆ, ಒಮ್ಮೆ ಬಂದವರಿಗೆ ಮತ್ತೆ ಬರುತ್ತಿದೆಯೇ, ಲಸಿಕೆ ಎಷ್ಟು ದೂರದಲ್ಲಿದೆ ಎಂಬುದು ತಿಳಿದ ಮೇಲೆ ಬಿಗಿಯನ್ನು ಸಡಿಲಿಸಬಹುದು. ಮುದುಕರಿರುವ ಮನೆ ಕೊನೆಯಲ್ಲಿ ಸಡಿಲಿಸಲಿ. ಬೇಕೆಂದೇ ತಗಲಿಸಿಕೊಳ್ಳುವುದನ್ನು ಮಾತ್ರ ಯಾವ ಹಂತದಲ್ಲೂ ನಾನು ಸಲಹೆ ಮಾಡಲಾರೆ. ತಗಲಿಸಿಕೊಂಡವರು ತಾವು ಯಾರಿಗೆ ದಾಟಿಸುತ್ತೇವೆ ಎಂಬುದನ್ನು ಆರಿಸಿಕೊಳ್ಳಲಾರರು. ಭಾವನವರು ಆ ನಾಲ್ಕು ದಿನ ನಿಮ್ಮ ಜಗಲಿಗೆ ಬರಲಿಲ್ಲ ಎಂದು ಭಾವಿಸುತ್ತೇನೆ.

ಪ್ರಶ್ನೆ: ನನಗೆ ಇದುವರೆಗೆ ಕೋವಿಡ್ ಬಂದಿಲ್ಲ. ಬಂದವರಿಗಿಂತ ನನ್ನ ಪ್ರತಿರೋಧ ಶಕ್ತಿ ಕಡಿಮೆ ಎಂದು ಅರ್ಥವೇ? ರಕ್ತಪರೀಕ್ಷೆ ಮಾಡಿಸಬೇಕೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ನಿಮಗೆ ಲಕ್ಷಣಗಳೇ ಇಲ್ಲದೆ ಬಂದು ಹೋಗಿರುವ ಸಾಧ್ಯತೆ ಹೆಚ್ಚು. ಕೋವಿಶೀಲ್ಡ್ ತೆಗೆದುಕೊಂಡವರ ರಕ್ತದಲ್ಲಿ ವೈರಸ್ಸಿನ ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯ ಕಂಡರೆ ಅದು ಸೋಂಕಿನದೇ. ಕೋವ್ಯಾಕ್ಸಿನ್‌ನಲ್ಲಿ ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸೇ ಇರುವುದರಿಂದ ಅದನ್ನು ತೆಗೆದುಕೊಂಡವರಲ್ಲಿ ಹಾಗೆ ಬೇರ್ಪಡಿಸಲಾಗದು. ಆ ಪ್ರತಿಕಾಯಗಳೂ ಕಾಲಕ್ರಮದಲ್ಲಿ ಮಾಸುತ್ತವೆ. ಫಲಿತಾಂಶ ಏನು ಬಂದರೂ ನೀವು ಮಾಡಬೇಕಾದದ್ದರಲ್ಲಿ ಬದಲಾವಣೆ ಇಲ್ಲ. ಪರೀಕ್ಷೆಯ ಹಣವನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ನಾದಿನಿಗೆ ಚಿಕನ್‌ಪಾಕ್ಸ್ ಬಂದು ಇಂದಿಗೆ ಮೂರು ದಿನ. ಸಣ್ಣ ಪ್ರಾಯದಲ್ಲೇ ಬಂದು ಹೋಗಲಿ ಎಂದು ನನ್ನ ಇಬ್ಬರು ಮಕ್ಕಳನ್ನು (7 ಮತ್ತು 4 ವರ್ಷ) ಅವಳ ಕೋಣೆಯಲ್ಲೇ ಮಲಗಿಸಲು ಅತ್ತೆ ಹೇಳುತ್ತಿದ್ದಾರೆ. ನಾನು ಈಗ ಮೂರು ತಿಂಗಳ ಗರ್ಭಿಣಿ. ಅತ್ತೆಯವರ ಮಾತು ಸರಿಯೇ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಪತ್ರಿಕೆ ಅಚ್ಚಾಗುವಷ್ಟರಲ್ಲಿ ತಡವಾಗುವುದರಿಂದ ನಿಮಗೆ ಅಂಚೆಯಲ್ಲೇ ಉತ್ತರಿಸಿದ್ದೇನೆ, ಇಂಥ ಮನೆಗಳು ಇನ್ನೂ ಇರುವುದರಿಂದ ಇಲ್ಲಿಯೂ ಬರೆಯುತ್ತೇನೆ. ನಿಮ್ಮ ಅತ್ತೆಯವರ ಕಾಲಕ್ಕೆ ಅವರ ಮಾತು ಸರಿಯಾಗಿತ್ತು. ಈಗ ಅದಕ್ಕೆ ಎರಡು ಡೋಸಿನ ಲಸಿಕೆ ಇದೆ. ಸರಕಾರದ ಉಚಿತ ಪಟ್ಟಿಯಲ್ಲಿಲ್ಲದಿದ್ದರೂ ಖಾಸಗಿಯಾಗಿ ಸಿಗುತ್ತದೆ, ರೋಗಿಯ ಸಂಪರ್ಕವಾಗಿ ಮೂರರಿಂದ ಐದು ದಿನದೊಳಗೆ ಕೊಟ್ಟರೂ ಪ್ರಯೋಜನವಿದೆ. ಸಹಜವಾಗಿ ಬಂದು ಹೋದ ವೈರಸ್ ನರಗಳಲ್ಲಿ ಅಡಗಿ ಕುಳಿತು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಏಳಬಹುದೆಂಬುದನ್ನೂ ಅತ್ತೆಯವರಿಗೆ ತಿಳಿಸಿ.

ಆದರೆ ಈ ಪತ್ರದಲ್ಲಿ ನನ್ನ ಚಿಂತೆ ಮಕ್ಕಳದ್ದಲ್ಲ. ನಿಮಗೆ ಚಿಕ್ಕಂದಿನಲ್ಲಿ ಇದು ಬಂದಿರದಿದ್ದರೆ, ಈ ತಿಂಗಳುಗಳಲ್ಲಿ ಬಂದರೆ ನಿಮಗೆ ತೀವ್ರ ನ್ಯುಮೋನಿಯಾ ಆಗುವ, ನೂರಕ್ಕೆ ಒಂದೆರಡರಷ್ಟು ಪ್ರಕರಣಗಳಲ್ಲಿ ಗರ್ಭದ ಕೂಸಿಗೂ ದೋಷ ಉಂಟಾಗುವ ಅಪಾಯವಿದೆ. ಗರ್ಭಿಣಿಯರಿಗೆ ಆ ಲಸಿಕೆಯನ್ನು ಕೊಡುವಂತಿಲ್ಲ. ಮೈಮೇಲೆ ಗುಳ್ಳೆ ಏಳುವ ಎರಡು ದಿನ ಮೊದಲೇ ರೋಗ ಹರಡತೊಡಗುವುದರಿಂದ ನಿಮಗೆ ಸಂಪರ್ಕ ಆಗಿಹೋಗಿರಬಹುದು. ನಿಮಗೆ ಹಿಂದೆ ಬಂದಿತ್ತೇ ಎಂದು ನಿಮ್ಮ ತಾಯಿಯವರನ್ನು ಇಂದೇ ಕೇಳಿ. ಬಂದಿಲ್ಲವೆಂದರೆ, ಅಥವಾ ಅವರಿಗೆ ನೆನಪಿಲ್ಲವೆಂದರೆ, ಪ್ರಸೂತಿ ವೈದ್ಯರಿಗೆ ಫೋನಿನಲ್ಲಿ ತಿಳಿಸಿ. ಇತರ ಬಸುರಿಯರ ನಡುವೆ ಕುಳಿತು ಸರದಿ ಕಾಯಬೇಡಿ. ರಕ್ತಪರೀಕ್ಷೆಯಲ್ಲಿ ನಿಮಗೆ ರಕ್ಷಣೆ ಇಲ್ಲವೆಂದು ಕಂಡರೆ, ಸಂಪರ್ಕವಾಗಿ ಹತ್ತು ದಿನದೊಳಗೆ ಕೊಡಬಹುದಾದ ಸಿದ್ಧ ಪ್ರತಿಕಾಯದ ಚುಚ್ಚುಮದ್ದೊಂದಿದೆ. ನಾದಿನಿಯ ಗುಳ್ಳೆಗಳೆಲ್ಲ ಒಣಗಿ ಹೊಪ್ಪಳಿಕೆ ಕಟ್ಟುವವರೆಗೆ ಅವಳ ಊಟವನ್ನು ಅತ್ತೆಯವರೇ ಕೊಂಡೊಯ್ಯಲಿ.