ಪಬ್ಲಿಕ್ ಪಾಲಿಸಿ (ಸರ್ಕಾರದ ನೀತಿಗಳ ಅಧ್ಯಯನ) ಓದೋಕೆ 10 ಲಕ್ಷ ಸಾಲ ಮಾಡಬಹುದಾ?

ಮಾಡಬಹುದು, ಆದರೆ ಸಾಲ 10 ಲಕ್ಷಕ್ಕೇ ನಿಲ್ಲಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಕೋರ್ಸ್‌ನ 2 ವರ್ಷ, ಆಮೇಲಿನ 1 ವರ್ಷ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ವರ್ಷದ ಶುರುವಿಗೆ 5 ಲಕ್ಷದಂತೆ ಎರಡು ಸಲ ತೆಗೆದುಕೊಂಡಿರಿ, ಬಡ್ಡಿ ಶೇ 10 ಅಂದುಕೊಳ್ಳಿ. ಸರಳ ಬಡ್ಡಿ ಹಾಕಿದರೂ ಕಂತು ಶುರುವಾಗುವಾಗ ಸಾಲ 12.5 ಲಕ್ಷ. 10 ವರ್ಷಕ್ಕೆ ತಿಂಗಳಿಗೆ ಸುಮಾರು 16,500 ರೂಪಾಯಿ. ಕೈಗೆ 45,000 ಬರುವ ಎನ್‌ಜಿಒ ಕೆಲಸವಾದರೆ, ಬೆಂಗಳೂರಿನ ಬಾಡಿಗೆ ಕಟ್ಟಿ ಉಳಿಯೋದೆಷ್ಟು? ಓದುವಾಗಲೂ ಆಮೇಲಿನ 1 ವರ್ಷವೂ ಬಡ್ಡಿಯಷ್ಟು ಕಟ್ಟುತ್ತಾ ಹೋದರೆ ಕಂತು 13,200ರ ಆಸುಪಾಸಿಗೆ ಇಳಿಯುತ್ತದೆ.

ಶಿಕ್ಷಣ ಸಾಲದ ಬಡ್ಡಿಗೆ 8 ವರ್ಷ ಆದಾಯ ತೆರಿಗೆ ವಿನಾಯಿತಿ ಇದೆ, ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.

ಕಾಲೇಜಿನವರು ಅತಿ ಜಾಸ್ತಿ ಸಂಬಳ ತೋರಿಸ್ತಾರೆ. ನೀವು ಸಂಬಳದ ಸಾಲಿನಲ್ಲಿ ನಟ್ಟನಡುವೆ ಇರುವವರ ಸಂಬಳ (ಮೀಡಿಯನ್) ಕೇಳಿ. ಎಷ್ಟು ಜನ ಕನ್ಸಲ್ಟಿಂಗ್‌ಗೆ ಹೋದರು, ಎಷ್ಟು ಜನ 11 ತಿಂಗಳ ಗುತ್ತಿಗೆಯಲ್ಲಿದ್ದಾರೆ ಅಂತಲೂ ಕೇಳಿ. ಐಎಎಸ್ ಕನಸಿಗಾಗಿ ಸುಮ್ನೆ ಈ ಡಿಗ್ರಿ ಬೇಡ, ಆ ಪರೀಕ್ಷೆಗೆ ಯಾವ ಪದವಿಯಾದರೂ ಸಾಕಲ್ವಾ?

ನನ್ನನ್ನು ಕೇಳಿದರೆ, 2 ವರ್ಷ ಕೆಲಸ ಮಾಡಿ, ಸ್ಕಾಲರ್‌ಶಿಪ್ ಸಿಕ್ಕಾಗ ಹೋಗಿ.